ಆ ಕೂಸಿನ ಬಲಗಿವಿ

ಆ ಕೂಸು ನಮ್ಮಲ್ಲಿಗೆ ಬಂದದ್ದು ಕಾಮಾಲೆಯ ಹೆಸರಿನಲ್ಲಿ. ಔರಾದ ಕಡೆಯ ಒಂದು ಚಿಕ್ಕ ಖಾಸಗಿ ದವಾಖಾನೆಯಲ್ಲಿ ಹುಟ್ಟಿತ್ತು. ಎಳೆಬಿಸಿಲಿಗೆ ಮಲಗಿಸಿದರೆ ಹಳದಿ ಇಳಿಯುತ್ತದೆ ಎಂದು ಮನೆಯವರು ಒಂದು ವಾರಕ್ಕಿಂತ ಹೆಚ್ಚು ಕಾದಿದ್ದರು. ಇಳಿಯಲಿಲ್ಲ, ಹಾಲು ಕುಡಿಯುವುದೂ ಕಡಿಮೆಯಾಯಿತು. ಆಗ ಬೀದರಿಗೆ, ನಾನು ಮಕ್ಕಳ ವೈದ್ಯೆಯಾಗಿದ್ದ ನವಜಾತ ಶಿಶು ಘಟಕಕ್ಕೆ ಕರೆತಂದರು. ಹೆಣ್ಣು ಕೂಸು, ತಾಯಿಗೆ ಚೊಚ್ಚಲ ಹೆರಿಗೆ. ಜೊತೆಗೆ ಅತ್ತೆ ಮತ್ತು ಗಂಡ. ಗಂಡ ಔರಾದದ ಅಡತಿ ಅಂಗಡಿಯಲ್ಲಿ ತೊಗರಿ, ಸೋಯಾ ತೂಗುವ ಕೆಲಸದವನು, ಮಾತು ಕಡಿಮೆ. ಮಾತೆಲ್ಲ ಅತ್ತೆಯದೇ.

“ಹಳದಿ ಆಗ್ಯಾದ್ರಿ ಮೇಡಂ. ಜರಾ ಲೈಟಿನ ಕೆಳಗ ಇಟ್ಟು ಕೊಟ್ಟುಬಿಡ್ರಿ, ನಾಳಿ ಮುಂಜಾನಿ ಬಸ್ಸಿಗಿ ಹೋಗ್ತೇವಿ.”

ಬಟ್ಟೆ ಬಿಚ್ಚಿ ನೋಡಿದೆ. ಹಳದಿಯ ಕೆಳಗೆ, ಎದೆ ಮತ್ತು ಹೊಟ್ಟೆಯ ಮೇಲೆ, ಸಾಸಿವೆ ಕಾಳಿನಷ್ಟು ನೇರಳೆ ಚುಕ್ಕೆಗಳಿದ್ದವು. ಬೆರಳಿನಿಂದ ಒತ್ತಿದರೆ ಮಾಯವಾಗುತ್ತಿರಲಿಲ್ಲ.

“ಅವು ಗುಂಗಾಡು ಕಡದಿದ್ದು,” ಎಂದಳು ಅತ್ತೆ.

ಸೊಳ್ಳೆ ಕಚ್ಚಿದ ಗುರುತು ಹಾಗಿರುವುದಿಲ್ಲ. ಅವು ಚರ್ಮದ ಕೆಳಗೆ ರಕ್ತ ಒಸರಿದ ಚುಕ್ಕೆಗಳು. ಹೊಟ್ಟೆಯ ಮೇಲೆ ಕೈಯಿಟ್ಟರೆ ಬಲಕ್ಕೆ ಯಕೃತ್ತು, ಎಡಕ್ಕೆ ಗುಲ್ಮ, ಎರಡೂ ದಪ್ಪವಾಗಿ ಸಿಗುತ್ತಿದ್ದವು. ತಲೆಗೆ ಟೇಪು ಸುತ್ತಿದೆ. ತುಂಬಿದ ತಿಂಗಳಿಗೇ ಹುಟ್ಟಿದ ಕೂಸು, ತೂಕ ಕಡಿಮೆ. ತಲೆಯ ಸುತ್ತಳತೆ ಆ ತೂಕಕ್ಕೆ ಇರಬೇಕಾದದ್ದಕ್ಕಿಂತಲೂ ಕಡಿಮೆ. ಹೊಟ್ಟೆಯಲ್ಲಿದ್ದಾಗಲೇ ಏನೋ ಆಗಿದೆ ಎಂದು ಅಲ್ಲೇ ಅನ್ನಿಸಿತು. ಆದರೆ ಅನ್ನಿಸುವುದು ಬೇರೆ, ತೋರಿಸುವುದು ಬೇರೆ. ಮೊದಲು ಸಾಮಾನ್ಯ ಸೋಂಕೆಂದೇ ಹಿಡಿದು ರಕ್ತ ಕಳಿಸಿ ಆಂಟಿಬಯಾಟಿಕ್ ಹಚ್ಚಿದೆವು. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇರಬೇಕಾದದ್ದರ ಅರ್ಧಕ್ಕೂ ಕಡಿಮೆ ಇದ್ದವು. ಹಳದಿಯೂ ಲೈಟಿಗೆ ಇಳಿಯುವ ಜಾತಿಯದಲ್ಲ, ಯಕೃತ್ತಿನ ತೊಂದರೆಯಿಂದ ಬಂದದ್ದು. ನೆತ್ತಿಯ ಮೆದುಭಾಗದ ಮೂಲಕ ತಲೆಯ ಸ್ಕ್ಯಾನ್ ಮಾಡಿದಾಗ ಮೆದುಳಿನ ನೀರಿನ ಕುಹರಗಳ ಅಂಚಿನಲ್ಲಿ ಸುಣ್ಣ ಕಟ್ಟಿದ ಬಿಳಿ ಚುಕ್ಕೆಗಳು ಸಾಲಾಗಿ ಕಂಡವು.

ಅಲ್ಲಿಗೆ ನನ್ನ ಮನಸ್ಸಿನಲ್ಲಿ ಒಂದೇ ಹೆಸರು ಉಳಿಯಿತು: ಸೈಟೊಮೆಗಲೊ ವೈರಸ್. ನಾವು ಸಿಎಂವಿ ಎನ್ನುತ್ತೇವೆ. ಬಹುಪಾಲು ಜನರಿಗೆ ಬಂದದ್ದೂ ಗೊತ್ತಾಗದ ವೈರಸ್ ಅದು. ನೆಗಡಿ ಜ್ವರದಂತೆ ಬಂದು ಸುಮ್ಮನಾಗುತ್ತದೆ, ಮೈಯಿಂದ ಮಾತ್ರ ಎಂದೂ ಹೋಗುವುದಿಲ್ಲ. ಬಸುರಿಯಲ್ಲಿ ಅದು ಹೊಸದಾಗಿ ಬಂದರೆ, ಅಥವಾ ಹಳೆಯದೇ ಮತ್ತೆ ಎದ್ದರೆ, ಕೂಸಿಗೆ ದಾಟಬಹುದು. ದಾಟಿದರೆ ಎಲ್ಲಕ್ಕಿಂತ ಮೊದಲು ಕೈ ಹಾಕುವುದು ಕಿವಿಗೆ.

ಅತ್ತೆಯ ಕೈಚೀಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ರಿಪೋರ್ಟಿತ್ತು. ಕೂಸಿಗೆ ಹಳದಿ ಬಂದಾಗ ಔರಾದ ಕಡೆಯ ಆ ವೈದ್ಯರು ತಾಯಿಯ ರಕ್ತ ಪರೀಕ್ಷೆ ಮಾಡಿಸಿದ್ದರು. ಸಿಎಂವಿ ಎದುರಿನ ಸಾಲಿನಲ್ಲಿ ‘ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಬಿಮಾರಿ ತಾಯಿಯಿಂದ ಬಂದಿದೆ ಎಂದು ಅವರು ಹೇಳಿ ಕಳಿಸಿದ್ದರಂತೆ.

ಆ ಪರೀಕ್ಷೆಯ ಅರ್ಥ ಅದಲ್ಲ. ಅದು ಹಳೆಯ ಪ್ರತಿಕಾಯದ ಪರೀಕ್ಷೆ. ಬದುಕಿನಲ್ಲಿ ಯಾವಾಗಲೋ ಒಮ್ಮೆ ಈ ವೈರಸ್ ಬಂದುಹೋಗಿದೆ ಎಂದಷ್ಟೇ ಹೇಳುತ್ತದೆ. ನಮ್ಮ ಕಡೆ ದೊಡ್ಡವರಲ್ಲಿ ಬಹುತೇಕ ಎಲ್ಲರ ರಕ್ತದಲ್ಲೂ ಅದು ಸಿಗುತ್ತದೆ. ರೋಗ ಪತ್ತೆಯಾಗಬೇಕಾದದ್ದು ಕೂಸಿನ ಮೂತ್ರದಲ್ಲಿ ಅಥವಾ ಜೊಲ್ಲಿನಲ್ಲಿ, ಅದೂ ಹುಟ್ಟಿದ ಮೂರು ವಾರದೊಳಗೆ ತೆಗೆದ ಮಾದರಿಯಲ್ಲಿ. ಆಮೇಲೆ ಸಿಕ್ಕರೆ ಹುಟ್ಟುವ ಮುಂಚೆ ಬಂತೋ, ಹುಟ್ಟಿದ ಮೇಲೆ ಎದೆಹಾಲಿನಿಂದ ಬಂತೋ ಹೇಳಲಾಗುವುದಿಲ್ಲ. ಕೂಸು ನಮ್ಮ ಕೈಗೆ ಸಿಗುವಾಗಲೇ ಆ ಅವಧಿಯ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

ಮೂತ್ರದ, ಜೊಲ್ಲಿನ ಈ ಪರೀಕ್ಷೆ ಬೀದರಿನಲ್ಲಿ ಆಗುತ್ತಿರಲಿಲ್ಲ, ಹೈದರಾಬಾದಿಗೆ ಕಳಿಸಬೇಕಿತ್ತು. ಹೆಣ್ಣು ಕೂಸಿನ ಮೂತ್ರ ಹಿಡಿಯುವುದು ಎಷ್ಟು ಕಷ್ಟವೆಂದು ಹಿಡಿದವರಿಗೇ ಗೊತ್ತು. ಅಂಟಿಸಿದ ಚೀಲ ಪ್ರತಿ ಸಲವೂ ಒಂದು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತಿತ್ತು. ನಮ್ಮ ಹಿರಿಯ ಸಿಸ್ಟರ್ ಕೂಸಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಕೊನೆಗೆ ಬಾಟಲಿ ಹಿಡಿದು ಎದ್ದರು. “ಲೋ, ಮಿಲ್ ಗಯಾ! ಇದು ಮೂತ್ರ ಅಲ್ಲರಿ ಮೇಡಂ, ಅತ್ತರು.” ಎಲ್ಲರೂ ನಕ್ಕೆವು. ಮಾದರಿಯನ್ನು ಸಂಗ್ರಹ ಕೇಂದ್ರಕ್ಕೆ ಕಳಿಸಿದೆವು. ನಡುವೆ ಹಬ್ಬದ ರಜೆ ಬಂತು. ರಜೆ ಮುಗಿದ ಮೇಲೆ ಫೋನು ಬಂತು: ಬಾಟಲಿ ದಾರಿಯಲ್ಲಿ ಸೋರಿದೆ, ಬೇರೆ ಕಳಿಸಿ.

ಬೈಯಲು ಯಾರೂ ಸಿಗಲಿಲ್ಲ. ಕೇಂದ್ರದವರು ಕೊರಿಯರ್ ಎಂದರು, ಕೊರಿಯರಿನವರು ಮುಚ್ಚಳ ಎಂದರು. ಮೂರು ವಾರ ತುಂಬಲು ಇನ್ನೇನು ಬಂದಿತ್ತು. ನಾನು ಕೂಸಿನ ತಂದೆಯನ್ನು ಕರೆದೆ.

“ನೀವೇ ಒಯ್ತೀರೇನು? ಕೈಯಾಗ ಹಿಡಕೊಂಡು, ಖುದ್ದು?”

“ಒಯ್ತೇನ್ರಿ,” ಎಂದ. ನಾನು ಅವನ ಬಾಯಿಂದ ಕೇಳಿದ ಮೊದಲ ಮಾತು ಅದು.

ಹಾಲು ಕುಡಿಸಿ ಒಂದು ಗಂಟೆಗೂ ಹೆಚ್ಚು ಬಿಟ್ಟು ಕೂಸಿನ ಕೆನ್ನೆಯ ಒಳಗಿನಿಂದ ಜೊಲ್ಲು ತೆಗೆದೆ. ಬಾಯಲ್ಲಿ ಹಾಲು ಉಳಿದಿದ್ದರೆ ಹಾಲಿನಲ್ಲಿರುವ ವೈರಸ್ಸೇ ಸಿಕ್ಕು ದಾರಿ ತಪ್ಪಿಸಬಹುದು. ಸಿಸ್ಟರ್ ಮತ್ತೊಮ್ಮೆ ಮೂತ್ರ ಹಿಡಿದರು. ಎರಡನ್ನೂ ಲಸಿಕೆ ಒಯ್ಯುವ ಡಬ್ಬಿಯಲ್ಲಿ ಐಸು ಇಟ್ಟು ಕೊಟ್ಟೆವು. ಅವನು ಡಬ್ಬಿಯನ್ನು ಹೈದರಾಬಾದಿನವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲವಂತೆ. ಆಮೇಲಿನ ದಿನಗಳಲ್ಲಿ ಅವನ ಬಗ್ಗೆ ಕಹಿ ಅನ್ನಿಸಿದಾಗಲೆಲ್ಲ ಇದನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತಿತ್ತು.

ಎರಡೂ ಮಾದರಿಗಳಲ್ಲಿ ವೈರಸ್ ಸಿಕ್ಕಿತು.

ಅಷ್ಟರಲ್ಲಿ ಕಣ್ಣಿನ ವೈದ್ಯರು ನೋಡಿ ಕಣ್ಣಿನ ಪರದೆ ಚೆನ್ನಾಗಿದೆ ಎಂದಿದ್ದರು. ಕಿವಿಯ ಪರೀಕ್ಷೆ ಉಳಿದಿತ್ತು. ಮಲಗಿದ ಕೂಸಿನ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಶಬ್ದ ಬಿಟ್ಟು, ಮೆದುಳಿನಿಂದ ಬರುವ ಅಲೆಗಳನ್ನು ಪರದೆಯ ಮೇಲೆ ನೋಡುವ ಪರೀಕ್ಷೆ ಅದು. ಬಲಗಿವಿಯಲ್ಲಿ ಸಣ್ಣ ಶಬ್ದಕ್ಕೂ ಅಲೆ ಎದ್ದಿತು. ಎಡಗಿವಿಯಲ್ಲಿ ಶಬ್ದವನ್ನು ಏರಿಸುತ್ತಾ ಏರಿಸುತ್ತಾ ಯಂತ್ರದ ಕೊನೆಯ ಮಟ್ಟಕ್ಕೆ ಹೋದರೂ ಗೆರೆ ನೆಟ್ಟಗೇ ಇತ್ತು. ತಾಯಿ ಪರದೆಯನ್ನೇ ನೋಡುತ್ತಿದ್ದಳು. “ಇದು ಸತ್ತದೇನ್ರಿ?” ಎಂದು ಕೇಳಿದಳು. ಕಿವಿಯ ಬಗ್ಗೆ ಕೇಳಿದಳು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಔಷಧವಿದೆ. ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಎಂದು ಹೆಸರು. ಹುಟ್ಟಿದ ಮೊದಲ ತಿಂಗಳೊಳಗೆ ಶುರುಮಾಡಿ, ದಿನಕ್ಕೆರಡು ಬಾರಿಯಂತೆ ಆರು ತಿಂಗಳು ಬಾಯಿಗೆ ಹಾಕಬೇಕು. ಹೋದ ಕಿವಿಯನ್ನು ಅದು ಮರಳಿ ತರುವುದಿಲ್ಲ. ಇದ್ದದ್ದು ಉಳಿಯುವ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತದೆ, ಅಷ್ಟೇ. ಅದರ ಬೆಲೆಯನ್ನು ರಕ್ತ ಕೊಡಬೇಕು. ಸೋಂಕಿನ ವಿರುದ್ಧ ಕಾದಾಡುವ ಬಿಳಿ ಕಣಗಳು ಕುಸಿಯುತ್ತವೆ. ಮೊದಲು ವಾರವಾರ, ಆಮೇಲೆ ತಿಂಗಳಿಗೊಮ್ಮೆ ಎಣಿಸಿ ನೋಡದೆ ಅದನ್ನು ಕೊಡುವಂತಿಲ್ಲ.

ನಮ್ಮ ವಿಭಾಗದ ಹಿರಿಯ ವೈದ್ಯರಿಗೆ ಅದು ಬೇಡವಾಗಿತ್ತು.

“ಔರಾದ ಬಸ್ಸು ತಪ್ಪಿದ್ರ ಒಂದು ವಾರ ತಪ್ತದ. ಎರಡು ವಾರ ತಪ್ಪಿದ್ರ ಕೂಸಿಗಿ ಜ್ವರ ಬಂದು ಎಲ್ಲಿ ಸಾಯ್ತದೋ ಗೊತ್ತಾಗಂಗಿಲ್ಲ. ಹೈದರಾಬಾದಿಗಿ ಬರದುಕೊಡ್ರಿ.”

“ಹೈದರಾಬಾದಿಗಿ ಇವರು ಒಂದು ಸಲ ಹೋಗ್ತಾರ ಸರ್. ಎರಡನೇ ಸಲ ಹೋಗಂಗಿಲ್ಲ.”

“ಇಲ್ಲಿಗಿ ಬರ್ತಾರಂತ ಏನು ಖಾತ್ರಿ?”

ಖಾತ್ರಿ ಇರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಸಂಜೆಯೆಲ್ಲ ಯೋಚಿಸಿದೆ. ಕೊಟ್ಟು ಕೂಸಿಗೆ ಏನಾದರೂ ಆದರೆ ಅದು ನನ್ನ ಕೈಯಿಂದ ಆದದ್ದು. ಕೊಡದೆ ಬಲಗಿವಿಯೂ ಹೋದರೆ ಅದು ವೈರಸ್ಸಿನಿಂದ ಆದದ್ದು, ನನ್ನನ್ನು ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲ ಎಂಬ ಆ ಸಮಾಧಾನವೇ ನನಗೆ ಅಸಹ್ಯವೆನಿಸಿತು. ಮರುದಿನ ಯಕೃತ್ತು, ಮೂತ್ರಪಿಂಡದ ಪರೀಕ್ಷೆ ನೋಡಿಕೊಂಡು ಶುರುಮಾಡಿದೆ.

ದ್ರವರೂಪದ ಔಷಧವನ್ನು ಹೈದರಾಬಾದಿನಿಂದ ತರಿಸಿದೆವು. ಫ್ರಿಜ್ಜಿನಲ್ಲಿಡಬೇಕು, ಕೈಗವಸು ಹಾಕಿಕೊಂಡು ಅಳೆಯಬೇಕು, ಬಸುರಿಯರು ಮುಟ್ಟಬಾರದು. ಸಿಸ್ಟರ್ ತಾಯಿಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಬರೀ ನೀರು ಎಳೆಸಿ ಎಳೆಸಿ ರೂಢಿ ಮಾಡಿಸಿದರು. ಆಕೆ ಬೇಗ ಕಲಿತಳು. ಗುಳ್ಳೆ ಬಂದರೆ ಸಿರಿಂಜನ್ನು ಬೆರಳಿನಿಂದ ತಟ್ಟಿ ಮೇಲೆ ತಂದು ಹೊರಹಾಕುವುದನ್ನು ಯಾರೂ ಹೇಳಿಕೊಡದೆ ನೋಡಿಯೇ ಹಿಡಿದಿದ್ದಳು.

ಇತ್ತ ವಾರ್ಡಿನ ಹೊರಗೆ ಬೇರೆಯೇ ನಡೆದಿತ್ತು. ಹೈದರಾಬಾದಿನ ಫಲಿತಾಂಶ ಅತ್ತೆಯ ಕಿವಿಗೆ ಬಿದ್ದದ್ದೇ ಹಳೆಯ ರಿಪೋರ್ಟಿಗೆ ಸಾಕ್ಷಿ ಸಿಕ್ಕಂತಾಯಿತು.

“ಕೂಸಿನ ಒಳಗೂ ಅದೇ ಅದ, ಇಕಿ ರಕ್ತದಾಗೂ ಅದೇ ಅದ. ನಮ್ಮ ಮನ್ಯಾಗ ಇಂಥಾ ಗಂದಾ ಬಿಮಾರಿ ಯಾರಿಗೂ ಇಲ್ಲ. ಇಕಿ ಎಲ್ಲಿಂದ ತಂದಾಳ, ಕೇಳ್ರಿ ಮೇಡಂ.”

‘ಗಂದಾ’ ಎಂದಾಗ ಆಕೆ ದನಿ ತಗ್ಗಿಸಿದಳು. ಯಾವ ಥರದ ರೋಗ ಎಂದುಕೊಂಡಿದ್ದಾಳೆ ಎಂಬುದು ತಿಳಿಯಿತು. ಅಂಥ ರೋಗ ಅಲ್ಲ, ಜೊಲ್ಲಿನಿಂದ, ಚಿಕ್ಕ ಮಕ್ಕಳ ಮೂತ್ರದಿಂದ ಯಾರಿಗೂ ಬರಬಹುದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಗಂಡ ನೆಲ ನೋಡಿದ, ಅತ್ತೆ ಕಿಟಕಿ ನೋಡಿದಳು.

ಆ ಮನೆಯಲ್ಲಿ ಇನ್ನೂ ಒಬ್ಬಳಿದ್ದಳು, ಗಂಡನ ಅಕ್ಕ. ಕೊಟ್ಟ ಮನೆಯಲ್ಲಿ ಬಾಳಲಾಗದೆ ಎರಡು ವರ್ಷದ ಮಗನೊಂದಿಗೆ ತವರಿಗೆ ಬಂದು ಕೂತಿದ್ದಳು. ಆಕೆ ಹೊಲಕ್ಕೆ ಹೋದರೆ ಆ ಹುಡುಗನನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಕೂಸಿನ ತಾಯಿ. ನಾನು ತಾಯಿಯನ್ನು ಒಬ್ಬಳನ್ನೇ ಕೂಡಿಸಿಕೊಂಡು ಕೇಳಿದೆ.

“ಬಸುರಿದ್ದಾಗ ಆ ಹುಡುಗನ ಎಂಜಲ ಉಂಡೀಯೇನವ್ವ?”

“ದಿನಾ ಉಣ್ತಿದ್ದೆರಿ. ಕೂಸಿನ ಎಂಜಲ ಚೆಲ್ಲಬಾರದು ಅಂತಾರಲ್ಲ. ಯಾಕ್ರಿ?”

ಹೇಳಿದೆ. ಅಲ್ಲಿಂದಲೇ ಬಂತು ಎಂದು ಹೇಳಲಾರೆ, ಬರಬಹುದಾದ ದಾರಿಗಳಲ್ಲಿ ಅದೇ ಸಲೀಸಾದ ದಾರಿ ಎಂದೆ. ನಿನ್ನ ಅತ್ತೆಗೂ ಹೇಳುತ್ತೇನೆ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಮೇಡಂ. ನಂದಾದ್ರ ತವರುಮನಿ ಅದ. ನಮ್ಮ ನಾದಿನಿಗಿ ಹೋಗ್ಲಾಕ ಮತ್ತ ಯಾವ ಮನಿ ಅದರಿ?”

ಸಾಬೀತು ಮಾಡಲಾಗದ ಮಾತನ್ನು ಹೇಳಿ ಇನ್ನೊಬ್ಬ ಹೆಣ್ಣನ್ನು ಬೀದಿಗೆ ತಳ್ಳುವುದು ನನ್ನಿಂದಲೂ ಆಗಲಿಲ್ಲ. ಬೇರೆ ಒಂದು ಉಪಾಯ ಹೊಳೆಯಿತು. ಗಂಡ, ಅತ್ತೆ, ನಾದಿನಿ ಮೂವರ ರಕ್ತಕ್ಕೂ ತಾಯಿಗೆ ಮಾಡಿಸಿದ್ದ ಅದೇ ಪ್ರತಿಕಾಯದ ಪರೀಕ್ಷೆ ಮಾಡಿಸುವುದು. ಚಿಕಿತ್ಸೆಗೆ ಅದು ಬೇಕಿರಲಿಲ್ಲ. ಮಾತು ಸೋತ ಕಡೆ ರಿಪೋರ್ಟು ಗೆಲ್ಲಬಹುದು ಎಂಬುದೊಂದೇ ಆಸೆ. ತಾವು ಶುದ್ಧ ಎಂದು ತೋರಿಸುವ ಉತ್ಸಾಹದಲ್ಲಿ ಅತ್ತೆ ತಾನಾಗಿಯೇ ತೋಳು ಚಾಚಿದಳು. ನಾನೂ ನನ್ನ ರಕ್ತ ಕೊಟ್ಟೆ.

ನಾಲ್ಕೂ ಪಾಸಿಟಿವ್ ಬಂದವು. ನನಗೆ ಸಂತೋಷವೇ ಆಯಿತೆನ್ನಬೇಕು. ಎಲ್ಲರನ್ನೂ ಕೂಡಿಸಿ, ನಾಲ್ಕು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ಸೊಸೆಯ ಹಾಳೆಯನ್ನೂ ಅವುಗಳ ಪಕ್ಕದಲ್ಲೇ ಇಟ್ಟು ತೋರಿಸಿದೆ.

“ನೋಡ್ರಿ ಅವ್ವಾರ. ಇದು ಅಕಿದು, ಇದು ನಿಮ್ಮದು, ಇದು ನಂದು. ಮೂರೂ ಒಂದೇ. ಇದು ಎಲ್ಲಾರ ರಕ್ತದಾಗೂ ಇರ್ತದ.”

ಅತ್ತೆ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಓದಲು ಬಾರದಿದ್ದರೂ ದಪ್ಪ ಅಕ್ಷರ ಯಾವುದೆಂದು ಗೊತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು.

“ಹಾಂಗಾದ್ರ ನಮಗೆಲ್ಲಾರಿಗೂ ಹಚ್ಯಾಳ.”

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಹಾಳೆಯನ್ನು ನನ್ನತ್ತ ತಳ್ಳಿದಳು. “ನಿಮಗೂ ಈ ಕೂಸಿನ ಕೈಯಿಂದಲೇ ಬಂದಾದ, ತಾಯಿ. ನೀವೂ ಇಲಾಜ ಮಾಡಿಸಿಕೋರಿ.” ಅದರಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ಮೇಲೆ ನಿಜವಾದ ಮರುಕವಿತ್ತು. ಸಿಸ್ಟರ್ ಮಾತ್ರ ತಡೆಯಲಾರದೆ “ಯಾ ಅಲ್ಲಾ!” ಎಂದು ಹೊರಗೆ ಹೋದರು.

ಕೂಸು ತೂಕ ಏರಿಸಿಕೊಂಡಿತು, ಚುಕ್ಕೆಗಳು ಮಾಸಿದವು, ಮನೆಗೆ ಕಳಿಸಿದೆವು. ಮೊದಲ ವಾರ ರಕ್ತ ಪರೀಕ್ಷೆಗೆ ಬಂದರು. ಎರಡನೆಯ ವಾರ ಬರಲಿಲ್ಲ. ಗಂಡನಿಗೆ ಫೋನು ಮಾಡಿದರೆ, “ಅಕಿ ತವರಿಗಿ ಹೋಗ್ಯಾಳ್ರಿ,” ಎಂದ.

“ಕೂಸು?”

“ಕೂಸೂ ಹೋಗ್ಯಾದ್ರಿ.”

“ಯಾವಾಗ ಬರ್ತಾರ?”

ಫೋನು ಕಟ್ ಆಗಲಿಲ್ಲ. ಅಂಗಡಿಯಲ್ಲಿ ಯಾರೋ ತೂಕ ಕೂಗುವುದು ಕೇಳಿಸುತ್ತಿತ್ತು. ಕೊನೆಗೆ ನಾನೇ ಫೋನಿಟ್ಟೆ.

ತವರು ಭಾಲ್ಕಿ ತಾಲೂಕಿನ ಸಾಯಗಾಂವ. ಕುರಿ ಕಾಯುವ ಮನೆ. ಅಪ್ಪ ವರ್ಷದ ಬಹುಭಾಗ ಹಿಂಡಿನ ಹಿಂದೆ ಹೊರಗಿರುವವನು, ಮನೆಯಲ್ಲಿದ್ದದ್ದು ತಾಯಿಯೊಬ್ಬಳೇ. ನಾನು ಫೋನಿನಲ್ಲಿ ಮೊದಲು ಕೇಳಿದ್ದು ಫ್ರಿಜ್ಜಿದೆಯೇ ಎಂದು. ಅಂಥ ಹೊತ್ತಿನಲ್ಲಿ ಒಬ್ಬ ಹೆಂಗಸನ್ನು ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಆದರೆ ಬಾಟಲಿ ಬೆಚ್ಚಗಾದರೆ ಔಷಧ ಕೆಡುತ್ತದೆ.

“ಇಲ್ರಿ. ಬಾಜೂ ಓಣ್ಯಾಗ ಖಾಲಾರ ಕಿರಾಣಿ ಅಂಗಡಿ ಅದರಿ, ಥಂಡಾ ಮಾರ್ತಾರ. ಅವರ ಫ್ರಿಜ್ಜಿನ್ಯಾಗ ಸ್ಟೀಲ್ ಡಬ್ಬಿ ಒಳಗ ಇಟ್ಟೀನ್ರಿ. ಮುಂಜಾನಿ, ಸಂಜಿಮುಂದ ಹೋಗಿ ತರ್ತೇನಿ. ಒಂದು ಹೊತ್ತೂ ತಪ್ಪಿಸಿಲ್ರಿ.”

ಅಲ್ಲಿಂದ ಭಾಲ್ಕಿ ಹತ್ತಿರ. ಬೀದರಿನ ಬದಲು ಭಾಲ್ಕಿಯಲ್ಲಿ ರಕ್ತ ಕೊಡು, ಫಲಿತಾಂಶ ನನಗೆ ಕಳಿಸು ಎಂದೆ. ಅಲ್ಲಿಯ ಲ್ಯಾಬಿನವರು ಮೊದಲು ಬಿಳಿ ಕಣಗಳ ಒಟ್ಟು ಎಣಿಕೆಯನ್ನಷ್ಟೇ ಕಳಿಸುತ್ತಿದ್ದರು. ನನಗೆ ಬೇಕಿದ್ದದ್ದು ಅದರಲ್ಲಿನ ಒಂದು ಬಗೆ, ನ್ಯೂಟ್ರೊಫಿಲ್. ಪ್ರತಿ ಸಲ ಫೋನು ಮಾಡಿ ಬಿಡಿಸಿ ಕೇಳುತ್ತಿದ್ದೆ. ಕೆಲವು ವಾರದಲ್ಲಿ ಅವರು ನನ್ನ ದನಿ ಕೇಳಿದ ಕೂಡಲೇ ಅಂಕಿ ಹೇಳಿಬಿಡುತ್ತಿದ್ದರು.

ಎರಡನೆಯ ತಿಂಗಳು ನಡೆಯುವಾಗ ಆ ಅಂಕಿ ಒಮ್ಮೆಲೇ ಕುಸಿಯಿತು. ಔಷಧ ನಿಲ್ಲಿಸಬೇಕಾದ ಗೆರೆಗಿಂತಲೂ ಕೆಳಗೆ. ನಿಲ್ಲಿಸು ಎಂದು ಹೇಳಿದ ಮರುದಿನವೇ ಕೂಸಿಗೆ ಜ್ವರ. ಭಾಲ್ಕಿಯಿಂದ ಆಂಬುಲೆನ್ಸಿನಲ್ಲಿ ಬೀದರಿಗೆ ಬಂದಿಳಿದಾಗ ಕೂಸಿನ ಅಳು ಬೆಕ್ಕಿನ ಮರಿಯದಂತಿತ್ತು. ರಕ್ತನಾಳ ಸಿಗಲಿಲ್ಲ. ಎರಡೂ ಕೈ ಚುಚ್ಚಿ ಕಾಲಿಗೆ ಇಳಿದೆವು. ಹಿರಿಯ ವೈದ್ಯರು ಬಂದು ನಿಂತು ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಆ ವಾರ ನಾನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಔಷಧ ನಿಲ್ಲಿಸಿ, ಆಂಟಿಬಯಾಟಿಕ್ ಕೊಟ್ಟು ಕಾದೆವು. ಜ್ವರ ಬಿಟ್ಟಿತು, ಕಣಗಳು ಮೇಲೆ ಬಂದವು. ಗಂಡನಿಗೆ ಸುದ್ದಿ ಹೋಗಿತ್ತು. ಒಂದು ಮಧ್ಯಾಹ್ನ ಬಂದು, ಗಾಜಿನಾಚೆಯಿಂದ ಕೂಸನ್ನು ನೋಡಿ, ಹೆಂಡತಿಯ ಪಕ್ಕ ಒಂದು ಚೀಲ ಮೋಸಂಬಿ ಇಟ್ಟು ಹೋದ.

ಮತ್ತೆ ಶುರುಮಾಡಬೇಕೇ? ಹಿರಿಯರು ಈ ಸಲ ಬಾಯಿಬಿಟ್ಟರು: “ಸಾಕು. ಒಂದು ಸಲ ಉಳಿಸಿಕೊಂಡೀರಿ.” ನಾನು ಆ ಪ್ರಶ್ನೆಯನ್ನು ತಾಯಿಯ ಮುಂದೆಯೇ ಇಟ್ಟೆ.

“ನಿಲ್ಲಿಸಿದ್ರ ಬಲಗಿವಿ ಉಳೀತದೇನ್ರಿ?”

“ಗೊತ್ತಿಲ್ಲ.”

“ಕೊಟ್ರ?”

“ಅದೂ ಖರೇ ಹೇಳ್ಬೇಕಂದ್ರ ಗೊತ್ತಿಲ್ಲ. ಕೊಟ್ರ ಉಳಿಯೋ ಆಸೆ ಜರಾ ಹೆಚ್ಚು. ಮತ್ತ ಜ್ವರ ಬರೋ ಅಂಜಿಕಿನೂ ಹೆಚ್ಚು.”

ಆಕೆ ಕೂಸಿನ ಚುಚ್ಚಿದ ಕಾಲನ್ನು ಮೆಲ್ಲಗೆ ತಿಕ್ಕಿದಳು.

“ಕೊಡ್ರಿ. ಮುಂದ ಇದು ದೊಡ್ಡಾಕಿ ಆಗಿ, ಯಾಕ ಬಿಟ್ಟಿ ಅಂತ ಕೇಳಿದ್ರ ನನ್ನ ಬಲ್ಲಿ ಜವಾಬಿಲ್ಲ.”

ಶುರುಮಾಡಿದೆವು. ಕೂಸಿನ ತೂಕ ಹೆಚ್ಚಿದಂತೆ ಪ್ರಮಾಣ ಹೆಚ್ಚಿಸುತ್ತಾ, ಕಣಗಳು ಇಳಿದಾಗ ಮತ್ತೆ ಮತ್ತೆ ಎಣಿಸುತ್ತಾ, ಆರು ತಿಂಗಳು ಮುಗಿಸಿದೆವು. ಖಾಲಿ ಬಾಟಲಿಯನ್ನು ಕಸಕ್ಕೆ ಎಸೆಯಬಾರದು ಎಂದು ಹೇಳಿದ್ದೆ. ಆಕೆ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಕಟ್ಟಿ ತಂದು ಸಿಸ್ಟರ್ ಕೈಗೆ ಕೊಟ್ಟಳು. ಕಿವಿಯ ಪರೀಕ್ಷೆ ಮತ್ತೆ ಮಾಡಿದೆವು. ಎಡಕ್ಕೆ ಅದೇ ನೆಟ್ಟಗಿನ ಗೆರೆ. ಬಲಕ್ಕೆ ಅಲೆಗಳು ಇದ್ದಂತೆಯೇ ಇದ್ದವು. ಕೂಸಿನ ಕುತ್ತಿಗೆ ತಡವಾಗಿ ನಿಂತಿತ್ತು, ಆದರೆ ನಿಂತಿತ್ತು. ಬಲಗಡೆಯಿಂದ ಕರೆದರೆ ತಿರುಗಿ ನಗುತ್ತಿತ್ತು. ಎಡಗಡೆಯಿಂದ ಕರೆದರೂ ಬಲಗಡೆಗೇ ತಿರುಗುತ್ತಿತ್ತು.

ಅತ್ತೆ ಮತ್ತೆ ನನ್ನೆದುರು ಬಂದು ಕೂತದ್ದು ಅದಾಗಿ ಸುಮಾರು ಒಂದು ವರ್ಷಕ್ಕೆ. ಬೀದರಿನ ಹೊರರೋಗಿ ವಿಭಾಗದಲ್ಲಿ ಸಾಲು ತಪ್ಪಿಸಿ ಒಳಗೆ ಬಂದಳು. ಮುಖದಲ್ಲಿ ಗೆಲುವಿತ್ತು. ಕೈಚೀಲದಿಂದ ಮತ್ತೊಂದು ಪ್ಲಾಸ್ಟಿಕ್ ಕವರು ತೆಗೆದಳು.

“ಹಿರಿಯಾರ ಮುಂದ ಸೋಡಚೀಟಿ ಆಯ್ತ್ರಿ, ಬಿಡುಗಡಿ ಆಯ್ತು. ಮಗನಿಗಿ ಬ್ಯಾರೆ ಹೆಣ್ಣು ನೋಡೀವಿ. ಈ ಸಲ ಮೋಸ ಹೋಗಲಿಲ್ರಿ. ಮೊದಲೇ ರಕ್ತ ತಪಾಸ ಮಾಡಿಸಿದ್ವಿ. ಒಬ್ಬಾಕಿಗಿ ಅದೇ ಬಿಮಾರಿ ಇತ್ತು, ಬಿಟ್ಟಿವಿ. ಇಕಿಗಿ ಇಲ್ಲ. ನೀವು ಒಂದು ಸಲ ನೋಡಿ ಬರೋಬ್ಬರಿ ಅದ ಅನ್ರಿ.”

ನಾನು ಕಲಿಸಿದ ಪರೀಕ್ಷೆ. ನಾಲ್ಕು ಹಾಳೆ ಹರಡಿ ನಾನೇ ಕಲಿಸಿದ್ದೆ. ಹಾಳೆ ಬಿಡಿಸಿದೆ. ಹುಡುಗಿಯ ರಕ್ತದಲ್ಲಿ ಪ್ರತಿಕಾಯ ಇರಲಿಲ್ಲ. ನೂರರಲ್ಲಿ ಕೆಲವರಷ್ಟೇ ಹಾಗಿರುತ್ತಾರೆ. ಅವರಿಗೆ ಈ ವೈರಸ್ಸಿನ ಎದುರು ಯಾವ ತಡೆಯೂ ಇರುವುದಿಲ್ಲ. ಅಂಥವಳು ಬಸುರಿಯಾದಾಗ ಮೊದಲ ಸಲ ಸೋಂಕು ತಗುಲಿದರೆ ಕೂಸಿಗೆ ದಾಟುವ ಭಯ ಎಲ್ಲರಿಗಿಂತ ಹೆಚ್ಚು. ಅವಳು ಕಾಲಿಡಲಿರುವ ಮನೆಯಲ್ಲಿ ಒಬ್ಬ ಚಿಕ್ಕ ಹುಡುಗನೂ ಇದ್ದಾನೆ.

ಅದನ್ನೆಲ್ಲ ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ಇದ್ದವಳನ್ನು ಬಿಟ್ಟು ಇಲ್ಲದವಳನ್ನು ಹಿಡಿದಿದ್ದೀರಿ, ಹೆಚ್ಚು ಜೋಪಾನ ಬೇಕಾದದ್ದು ಇವಳಿಗೇ ಎಂದೆ. ಹುಡುಗಿಗೆ ಚಿಕ್ಕ ಮಕ್ಕಳ ಎಂಜಲು ಉಣಿಸಬೇಡಿ, ಮೂತ್ರದ ಬಟ್ಟೆ ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಲಿ, ಬಾಯಿಗೆ ಬಾಯಿಟ್ಟು ಮುದ್ದಿಸದಿರಲಿ ಎಂದೆ. ಆಕೆ ಕೇಳುತ್ತಾ ಕೇಳುತ್ತಾ ಕೈಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು.

“ಇದ್ದಾಕಿನೂ ತಪ್ಪು, ಇಲ್ಲದಾಕಿನೂ ತಪ್ಪು. ಹಾಂಗಾದ್ರ ನಾ ಸೊಸಿ ಎಲ್ಲಿಂದ ತರಲಿ ಮೇಡಂ?”

ನನಗೆ ನಗು ಬರಲಿಲ್ಲ. ಒಂದು ಕ್ಷಣ ಅವಳ ಕಷ್ಟವೂ ಅರ್ಥವಾಯಿತು, ಅದು ಇನ್ನೂ ಕಹಿ. ಯಾರದೂ ತಪ್ಪಿಲ್ಲ ಎಂದು ಮೊದಲ ದಿನದಿಂದ ಹೇಳುತ್ತಾ ಬಂದಿದ್ದೆ. ತಪ್ಪು ಯಾರದು ಎಂದು ತಿಳಿಯಲೆಂದೇ ದವಾಖಾನೆಗೆ ಬರುವವಳಿಗೆ ಆ ಮಾತಿನಲ್ಲಿ ಏನೂ ಇರಲಿಲ್ಲ. ಆಕೆ ಕಿಂಚಿತ್ತೂ ಬೇಸರ ತೋರದೆ ಕವರನ್ನು ಒಳಗಿಟ್ಟುಕೊಂಡು, ಕೈ ಮುಗಿದು ಹೋದಳು. ಮದುವೆ ಆಯಿತೆಂದು ಆಮೇಲೆ ಔರಾದ ಕಡೆಯ ಬೇರೆ ರೋಗಿಗಳಿಂದ ತಿಳಿಯಿತು.

ಮಳೆಗಾಲದ ಕೊನೆಗೆ ಮೊದಲ ಸೊಸೆ ಮಗಳನ್ನು ಕಿವಿಯ ಪರೀಕ್ಷೆಗೆ ಕರೆತಂದಳು. ಮಗು ಗೋಡೆ ಹಿಡಿದು ನಡೆಯುತ್ತಿತ್ತು. ‘ಅವ್ವಾ’ ಎನ್ನುತ್ತಿತ್ತು, ಇನ್ನೂ ಒಂದೆರಡು ಮಾತು. ನಿದ್ದೆ ಬರಿಸಿ ತಂತಿ ಅಂಟಿಸಿದೆವು. ಬಲಗಿವಿಯಲ್ಲಿ ಮೊದಲು ಸಣ್ಣ ಶಬ್ದಕ್ಕೇ ಏಳುತ್ತಿದ್ದ ಅಲೆ ಈಗ ಏಳಲಿಲ್ಲ. ಶಬ್ದ ಏರಿಸಿದೆವು. ಸಾಕಷ್ಟು ಏರಿಸಿದ ಮೇಲೆ ಎದ್ದಿತು. ಈ ವೈರಸ್ಸು ಹೀಗೂ ಮಾಡುತ್ತದೆ, ಬಿಟ್ಟಂತೆ ಮಾಡಿ ವರ್ಷಗಳ ಮೇಲೆ ಕೈಹಾಕುತ್ತದೆ. ಔಷಧ ಕೊಡದಿದ್ದರೆ ಇನ್ನೂ ಬೇಗ ಹೋಗುತ್ತಿತ್ತೋ, ಕೊಟ್ಟದ್ದರಿಂದ ಇಷ್ಟಾದರೂ ಉಳಿಯಿತೋ, ಒಂದೇ ಮಗುವಿನಲ್ಲಿ ಯಾರೂ ಹೇಳಲಾರರು.

ಆಕೆ ಅಳಲಿಲ್ಲ. “ಮಷೀನು ಹಾಕಿದ್ರ ಕೇಳಸ್ತದೇನ್ರಿ?” ಎಂದಳು.

“ಕೇಳಸ್ತದ. ಜಲ್ದಿ ಹಾಕಿದ್ರ ಮಾತೂ ಬರ್ತದ.”

“ಹಾಕ್ರಿ ಮತ್ತ.”

ಬಲಗಿವಿಯ ಯಂತ್ರಕ್ಕೆ ಅಚ್ಚು ತೆಗೆಸಿಕೊಂಡು ಬಂದ ಮೇಲೆ ನನ್ನ ಕೋಣೆಯಲ್ಲಿ ಕೂತಳು. ಮಗು ತೊಡೆಯ ಮೇಲೆ ಇನ್ನೂ ತೂಕಡಿಸುತ್ತಿತ್ತು. ಮದುವೆಯ ಸುದ್ದಿ ನಾನು ಎತ್ತಲಿಲ್ಲ. ಆಕೆಯೇ ಎತ್ತಿದಳು.

“ಆ ಹೊಸ ಹುಡುಗಿ ಬಸುರಾಗ್ಯಾಳಂತ್ರಿ. ನಾದಿನಿ ಫೋನ್ ಮಾಡಿದ್ದಳು. ಅಕಿ ರಕ್ತದಾಗ ಇಲ್ಲಂತ ಎಲ್ಲಾರೂ ಖುಷಿ ಆಗ್ಯಾರಂತ.” ಜಾರುತ್ತಿದ್ದ ಮಗುವನ್ನು ಸರಿಮಾಡಿಕೊಂಡು, “ಅದು ಖುಷಿ ಪಡೋ ಮಾತೇನ್ರಿ?” ಎಂದು ಕೇಳಿದಳು.

ಇನ್ನೊಬ್ಬಳ ರಿಪೋರ್ಟಿನ ಮಾತು ಇವಳೆದುರು ಆಡುವಂತಿರಲಿಲ್ಲ. ಇಲ್ಲದವರೇ ಹೆಚ್ಚು ಜೋಪಾನವಾಗಿರಬೇಕು ಎಂದಷ್ಟೇ ಹೇಳಿದೆ.

“ಅಕಿಗಿ ಯಾರರೇ ಹೇಳ್ಯಾರೇನ್ರಿ?”

“ಮನಿಯವರಿಗಿ ಹೇಳೀನಿ.”

“ಅತ್ತಿ ಮುಂದೇನ್ರಿ?” ಆಕೆ ನನ್ನನ್ನು ನೋಡಿದಳು. ಆ ನೋಟದಲ್ಲಿ ನನ್ನ ಬಗ್ಗೆ ಒಂದಿಷ್ಟು ಕನಿಕರವಿತ್ತು. ಮೊಬೈಲು ತೆಗೆದು ನಂಬರು ಒತ್ತಿದಳು. ಎತ್ತಿದವಳು ನಾದಿನಿ ಎಂದು ಮಾತಿನಿಂದ ತಿಳಿಯಿತು. “ಅಕ್ಕಾ, ಫೋನ್ ಅಕಿ ಕೈಯಾಗ ಕೊಡ್ರಿ. ಹೂಂ, ಹೊಸಬಾಕಿ ಕೈಯಾಗೇ. ಜಗಳಾಡಂಗಿಲ್ಲ, ಕೊಡ್ರಿ.”

ಕಾದಳು. ಮಗು ಮಿಸುಕಿತು, ಬೆನ್ನು ತಟ್ಟಿದಳು.

“ನಾನು ಸಾಯಗಾಂವದಾಕಿ. ಹೌದು, ಅಕಿನೇ. ಇಡಬ್ಯಾಡ, ಕೇಳು.” ಆಮೇಲೆ ಹೇಳಿದಳು. ವೈರಸ್ಸಿನ ಹೆಸರಿಲ್ಲ, ಕಾಗದದ ಮಾತಿಲ್ಲ. ಆ ಹುಡುಗನಿಗೆ ಉಣಿಸಿದ ತಾಟಿನಲ್ಲಿ ಉಣಬೇಡ, ಅವನ ಚಡ್ಡಿ ಒಗೆದರೆ ಸಾಬೂನು ಹಚ್ಚಿ ಕೈ ತೊಳೆದುಕೋ, ತುಟಿಗೆ ಮುತ್ತು ಕೊಡಬೇಡ, ನೆತ್ತಿಗೆ ಕೊಡು. ಹುಡುಗನದು ತಪ್ಪಲ್ಲ, ಅವನ ತಾಯಿಯದೂ ಅಲ್ಲ, ಅವರ ಮುಂದೆ ಇದನ್ನು ಆಡಬೇಡ. ಹೆರಿಗೆಗೆ ದೊಡ್ಡ ದವಾಖಾನೆಗೇ ಹೋಗು, ಕೂಸಿನ ಮೈ ಮೇಲೆ ಚುಕ್ಕೆ ಕಂಡರೆ ಬಿಸಿಲಿಗಿಟ್ಟುಕೊಂಡು ಕೂಡಬೇಡ, ಮೂರು ವಾರದೊಳಗೆ ಬೀದರಿಗೆ ಒಯ್ಯಿ.

ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿದಳು.

“ಏನಂದಳು?” ಎಂದೆ.

“ಏನೂ ಅನ್ನಲಿಲ್ರಿ. ಕಟ್ ಮಾಡಿದಳು.” ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. “ಆದ್ರ ಪೂರಾ ಕೇಳಿ ಕಟ್ ಮಾಡಿದಳ್ರಿ.”